ತೀರ್ಪು ಬರುವವರೆಗೆ ಅವಳ ಪಕ್ಕ ಯಾರು?

2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿದಾಗ ಎಲ್ಲರಂತೆ ನಾನೂ ಸಮಾಧಾನದ ಉಸಿರು ಬಿಟ್ಟೆ. ಅಷ್ಟು ದೊಡ್ಡ ರಾಜಕೀಯ ಮನೆತನದ ಎದುರು ನಿಂತು ಸಾಕ್ಷಿ ಹೇಳಲು ಎಂಥ ಎದೆಗಾರಿಕೆ ಬೇಕು! ಆದರೆ ಆ ಸಂಜೆ ಟಿ.ವಿ. ಮುಂದೆ ಕುಳಿತಿದ್ದಾಗ ನನ್ನ ಮನಸ್ಸು ತೀರ್ಪಿನ ಮೇಲೆ ನಿಲ್ಲಲಿಲ್ಲ. 2024ರ ಏಪ್ರಿಲ್ ತಿಂಗಳಿಗೆ ಹೋಯಿತು.

ಲೋಕಸಭಾ ಚುನಾವಣೆಯ ಆ ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ ಅವರದೆನ್ನಲಾದ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹೋದವು. ಅವುಗಳಲ್ಲಿದ್ದ ಹೆಂಗಸರ ಮುಖ ಮರೆಮಾಡುವಷ್ಟು ಕನಿಕರವೂ ಹಂಚಿದವರಿಗೆ ಇರಲಿಲ್ಲ. ಪಕ್ಕದ ಮನೆಯವರು, ಬಸ್ಸಿನಲ್ಲಿ ದಿನಾ ಸಿಗುವವರು ಆ ಮುಖಗಳನ್ನು ಮೊಬೈಲಿನಲ್ಲಿ ನೋಡಿದರು. ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂತು. ವಿಶೇಷ ತನಿಖಾ ತಂಡ ಸಹಾಯವಾಣಿ ತೆರೆದು, ನೊಂದವರು ಮುಂದೆ ಬನ್ನಿ ಎಂದು ಕರೆಯಿತು. ಕೊನೆಗೆ ದಾಖಲಾದ ಪ್ರಕರಣಗಳು ಬೆರಳೆಣಿಕೆಯಷ್ಟು. ಇದನ್ನು ಆ ಹೆಂಗಸರ ಅಧೈರ್ಯ ಎಂದವರಿದ್ದಾರೆ. ನನಗೆ ಇದು ನಮ್ಮ ವ್ಯವಸ್ಥೆಯ ಬಗ್ಗೆ ಅವರು ಕೊಟ್ಟ ತೀರ್ಪಾಗಿ ಕಾಣುತ್ತದೆ. "ಬನ್ನಿ, ದೂರು ಕೊಡಿ" ಎನ್ನುವ ನಂಬರೊಂದು ರಾತ್ರೋರಾತ್ರಿ ಹುಟ್ಟಿಕೊಂಡರೆ ಯಾರು ನಂಬುತ್ತಾರೆ? "ದೂರಿನ ಮಾತು ಆಮೇಲೆ, ಮೊದಲು ನೀನು ಹೇಗಿದ್ದೀಯಮ್ಮ ಹೇಳು" ಎನ್ನುವವರು ಊರಿನ ಹತ್ತಿರದಲ್ಲೇ, ಮೊದಲಿನಿಂದಲೂ ಪರಿಚಯವಿರುವ ಬಾಗಿಲಿನ ಹಿಂದೆ ಇರಬೇಕಿತ್ತು.

ಅತ್ಯಾಚಾರದ ಸುದ್ದಿ ಬಂದಾಗಲೆಲ್ಲ ನಾವು ಗಲ್ಲು ಕೇಳುತ್ತೇವೆ. 2019ರಲ್ಲಿ ಹೈದರಾಬಾದ್ ಬಳಿ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಹೂ ಚೆಲ್ಲಿದರು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ 2022ರಲ್ಲಿ ಪೊಲೀಸರ ಕಥೆಯನ್ನು ನಂಬಲಾಗದು ಎಂದಿತು. ಅಷ್ಟು ಹೊತ್ತಿಗೆ ಹೂ ಚೆಲ್ಲಿದವರು ಅದನ್ನು ಮರೆತಿದ್ದರು. ಈ ಸಿಟ್ಟಿಗೆ ಒಂದು ದೋಷವಿದೆ. ಅದರ ಕಣ್ಣು ಪೂರಾ ಅಪರಾಧಿಯ ಮೇಲೆ. ಬದುಕಿರುವ ಹೆಣ್ಣು ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು ಎಂಬುದು ಆ ಕಣ್ಣಿಗೆ ಬೀಳುವುದೇ ಇಲ್ಲ.

ಅವಳ ಮುಂದಿರುವುದು ಮೊದಲು ಮೂರು ದಿನದ ಲೆಕ್ಕ. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ 72 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಅವಳಿಗೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಕೊಡದಿದ್ದರೆ ಒಂದು ವರ್ಷದವರೆಗೆ ಜೈಲು. ಇದು 2013ರಿಂದ ಇರುವ ಕಾನೂನು, ಹೊಸ ಸಂಹಿತೆಗಳಲ್ಲೂ ಉಳಿದಿದೆ. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಇನ್ನೂ ಮುಂದೆ ಹೋಗುತ್ತದೆ: ಪೊಲೀಸ್ ದೂರು ಬೇಡ ಎಂದರೂ ಚಿಕಿತ್ಸೆ ಕೊಡಿ, ಪ್ರತಿ ಪರೀಕ್ಷೆಗೂ ಒಪ್ಪಿಗೆ ಕೇಳಿ, ಆಪ್ತ ಸಮಾಲೋಚನೆ ಒದಗಿಸಿ. ಕಾಗದದ ಮೇಲೆ ಇಷ್ಟು ಒಳ್ಳೆಯ ಮಾತಿರುವಾಗ "ಮೊದಲು ಸ್ಟೇಷನ್ನಿಗೆ ಹೋಗಿ ಬನ್ನಿ" ಎಂಬ ಉತ್ತರ ಆಸ್ಪತ್ರೆಯ ಕೌಂಟರಿನಿಂದ ಯಾಕೆ ಬರುತ್ತದೆ? ಎರಡು ಬೆರಳಿನ ಪರೀಕ್ಷೆ ಕೂಡದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2022ರ ಅಕ್ಟೋಬರ್‌ನಲ್ಲಿ ಅದನ್ನೇ ಮತ್ತೆ ಹೇಳಿ, ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕಾಗುತ್ತದೆ ಎಂದು ಎಚ್ಚರಿಸಬೇಕಾಯಿತು. ಕಾನೂನು ತಿಳಿದವರೊಬ್ಬರು ಆ ಹೊತ್ತಿನಲ್ಲಿ ಅವಳ ಜೊತೆಗಿದ್ದರೆ ಸಾಕು, ವೈದ್ಯರ ಕೈಯೂ ಗುಮಾಸ್ತರ ಮಾತೂ ಹತೋಟಿಯಲ್ಲಿರುತ್ತವೆ.

ನಮ್ಮ ಭಾಷೆಯನ್ನೂ ಇಲ್ಲಿ ಕೇಳಬೇಕು. ಮಾನಭಂಗ, ಶೀಲ ಕೆಟ್ಟಿತು, ಹಾಳಾದಳು: ಈ ಪದಗಳಲ್ಲಿ ಮಾಡಿದವನು ಎಲ್ಲಿದ್ದಾನೆ? ಕಳೆದುಕೊಂಡವಳು ಅವಳು, ಕೆಟ್ಟವಳು ಅವಳು, ಹಾಳಾದವಳೂ ಅವಳೇ. ಪತ್ರಿಕೆಗಳು ಈಗ ಸಂತ್ರಸ್ತೆ ಎನ್ನುತ್ತವೆ, ಅದು ಎಷ್ಟೋ ವಾಸಿ. ಆದರೆ ಅವಳ ಕಿವಿಗೆ ಬೀಳುವುದು ಪತ್ರಿಕೆಯ ಪದವಲ್ಲ, "ಹೋದದ್ದು ಹೋಯ್ತು, ಬಾಯಿ ಮುಚ್ಕೊಂಡಿರು" ಎಂಬ ಮಾತು. ಹೇಳುವವರು ಅವಳಮ್ಮ, ಅತ್ತೆ, ಅಕ್ಕ. ಕೆಟ್ಟ ಮನಸ್ಸಿನಿಂದ ಹೇಳುವವರೇ ಎಲ್ಲರೂ ಅಲ್ಲ. ತಮಗೆ ಗೊತ್ತಿರುವ ಒಂದೇ ರಕ್ಷಣೆಯನ್ನು ಮಗಳಿಗೂ ದಾಟಿಸುತ್ತಿರುತ್ತಾರೆ.

ತಿಳಿದವರೂ ತಪ್ಪುತ್ತಾರೆ. 2020ರ ಜೂನ್‌ನಲ್ಲಿ ನಮ್ಮದೇ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂದ ದೂರುದಾರಳ ಮಾತನ್ನು ಅನುಮಾನಿಸಿ, ಭಾರತೀಯ ಹೆಣ್ಣು ಹಾಗೆ ನಡೆದುಕೊಳ್ಳುವುದಿಲ್ಲ ಎಂಬರ್ಥದ ಸಾಲುಗಳು ಬಂದವು. ದೇಶದ ತುಂಬ ಆಕ್ಷೇಪ ಎದ್ದ ಮೇಲೆ ಅವನ್ನು ಆದೇಶದಿಂದ ತೆಗೆಯಲಾಯಿತು. ಆಘಾತಕ್ಕೊಳಗಾದ ದೇಹ ಕಲ್ಲಿನಂತೆ ಹೆಪ್ಪುಗಟ್ಟಬಹುದು, ನಗಬಹುದು, ಮಾಮೂಲಿನಂತೆ ಅಡುಗೆಗೆ ನಿಲ್ಲಬಹುದು, ಗಾಢ ನಿದ್ದೆಗೆ ಜಾರಬಹುದು. ಒಂದು ವಾರ ಬಿಟ್ಟು ಹೇಳುವ ವಿವರ ಮೊದಲ ದಿನದ ವಿವರದ ಹಾಗೇ ಇರದಿರಬಹುದು. ಅನುಭವವಿರುವ ಆಪ್ತ ಸಮಾಲೋಚಕಿಗೆ ಇದು ದಿನನಿತ್ಯದ ಸಂಗತಿ. ಈ ತಿಳಿವಳಿಕೆ ಸ್ಟೇಷನ್ನು, ಆಸ್ಪತ್ರೆ, ನ್ಯಾಯಾಲಯಗಳಿಗೆ ಮುಟ್ಟದೆ ಹೋದರೆ ಅವಳ ದೇಹ ಬದುಕಲು ಹೂಡಿದ ಉಪಾಯವೇ ಅವಳ ವಿರುದ್ಧ ಸಾಕ್ಷಿಯಾಗುತ್ತದೆ.

ಹಾಗಾದರೆ ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ. ಸ್ವಯಂಸೇವಾ ಸಂಸ್ಥೆಗಳ ಮೂಲಕ ತಾಲ್ಲೂಕುಗಳಲ್ಲಿ ಸಾಂತ್ವನ ಕೇಂದ್ರಗಳನ್ನು ತೆರೆದ ರಾಜ್ಯ ನಮ್ಮದು. ಜಿಲ್ಲಾ ಆಸ್ಪತ್ರೆಗಳಲ್ಲಿ 'ಗೆಳತಿ' ಹೆಸರಿನ ವಿಶೇಷ ಚಿಕಿತ್ಸಾ ಘಟಕಗಳು ಬಂದವು. ಎಂಥ ಒಳ್ಳೆಯ ಹೆಸರು ಅದು! 2015ರಿಂದ ಕೇಂದ್ರದ 'ಸಖಿ' ಒನ್ ಸ್ಟಾಪ್ ಸೆಂಟರ್‌ಗಳು ಬಂದವು. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಸಮಾಲೋಚನೆ, ಐದು ದಿನದ ತಂಗುವಿಕೆ ಎಲ್ಲವೂ ಒಂದೇ ಸೂರಿನಡಿ. ಕಲ್ಪನೆಯಲ್ಲಿ ದೋಷವಿಲ್ಲ. ಆದರೆ ಸಖಿ ಬಂದಿತೆಂಬ ನೆಪದಲ್ಲಿ 2021ರಲ್ಲಿ ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚಲು ಹೊರಟ ಲೆಕ್ಕಾಚಾರವನ್ನು ನಾನು ಒಪ್ಪಲಾರೆ. ಉತ್ತರ ಕನ್ನಡವನ್ನು ನೋಡಿ. ಮುಂಡಗೋಡಿನಿಂದ, ಸಖಿ ಇರುವ ಜಿಲ್ಲಾ ಕೇಂದ್ರ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿದ ಘಾಟಿಯ ದಾರಿ. ಗಂಡನಿಗೋ ಅಪ್ಪನಿಗೋ ಕಾರಣ ಹೇಳಿ, ಬಸ್ಸಿನ ದುಡ್ಡು ಹೊಂದಿಸಿ, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಸಮಾಲೋಚನೆ ಒಮ್ಮೆ ಕೂತು ಎದ್ದರೆ ಮುಗಿಯುವುದಲ್ಲ, ವಾರ ವಾರ ಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲಿ ಎನ್ನುವವರು, ಆ ಮನೆಯಲ್ಲಿ ಫೋನ್ ಯಾರ ಜೇಬಿನಲ್ಲಿರುತ್ತದೆ ಎಂದು ಯೋಚಿಸಿದ್ದಾರೆಯೇ?

ದುಡ್ಡಿಲ್ಲ ಎನ್ನಬೇಡಿ. ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ 2013ರ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಹುಟ್ಟಿತು. ಅದರ ನೆರವಿನ ಬೆಂಗಳೂರು ಸೇಫ್ ಸಿಟಿ ಯೋಜನೆಗೆ 667 ಕೋಟಿಯ ಮಂಜೂರಾತಿ ಸಿಕ್ಕಿತು. ಊರಿಗೆ ಎದ್ದು ಕಾಣುವಂತೆ ಬಂದದ್ದು ಸಾವಿರಾರು ಕ್ಯಾಮೆರಾ. ಬೀದಿಯಲ್ಲಿ ಕ್ಯಾಮೆರಾ ಬೇಡ ಎನ್ನುತ್ತಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಹೇಳುತ್ತಿದೆ: ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಅವಳಿಗೆ ಪರಿಚಯದವನು. ಚಿಕ್ಕಪ್ಪನ ಮನೆಯ ಹಿಂಬದಿಯ ಕೋಣೆಯಲ್ಲಿ, ತೋಟದ ಮಾಲೀಕನ ಶೆಡ್ಡಿನಲ್ಲಿ ಯಾವ ಕ್ಯಾಮೆರಾ ಇದೆ? ಅದೇ ನಿಧಿಯಿಂದ ನಡೆಯುವ ಸಖಿ ಕೇಂದ್ರಗಳಲ್ಲಿ ನೊಂದವಳ ಕಣ್ಣೀರು ಒರೆಸಬೇಕಾದ ಹುಡುಗಿ ಮಾತ್ರ ಗುತ್ತಿಗೆ ನೌಕರಳು. ಈ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ಸಂಬಳವಾಗದ ದೂರು ಹಲವು ರಾಜ್ಯಗಳಿಂದ ಬಂದಿದೆ. ನಿಮ್ಹಾನ್ಸ್ 'ಸ್ತ್ರೀ ಮನೋರಕ್ಷಾ' ಯೋಜನೆಯಲ್ಲಿ ಇವರಿಗೆ ಒಳ್ಳೆಯ ತರಬೇತಿ ಕೊಟ್ಟಿತು. ತರಬೇತಿ ಪಡೆದವಳು ಬೇಸತ್ತು ಕೆಲಸ ಬಿಟ್ಟರೆ, ಅವಳನ್ನು ನಂಬಿ ಬಾಯಿ ಬಿಟ್ಟಿದ್ದ ಹೆಣ್ಣು ಹೊಸಬಳ ಮುಂದೆ ಅದೇ ಕಥೆಯನ್ನು ಮೊದಲಿನಿಂದ ಹೇಳಬೇಕು.

ಇನ್ನೊಂದು ಮಾತು ನಿಷ್ಠುರವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಕೌನ್ಸೆಲಿಂಗ್ ಎಂದರೆ ರಾಜಿ ಎಂದು ಬಹಳ ಜನ ತಿಳಿದಿದ್ದಾರೆ, ಕೌನ್ಸೆಲಿಂಗ್ ಮಾಡುವ ಕೆಲವರೂ ಸೇರಿದಂತೆ. ಗಂಡ ಹೆಂಡಿರ ಜಗಳ ಬಿಡಿಸಿ ರೂಢಿಯಾದ ಬಾಯಲ್ಲಿ "ಹೊಂದಿಕೊಂಡು ಹೋಗಮ್ಮ" ತಾನಾಗಿಯೇ ಬರುತ್ತದೆ. ಅತ್ಯಾಚಾರದಲ್ಲಿ ರಾಜಿಗೆ ಜಾಗವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಆರೋಪಿಯು ದೂರು ಕೊಟ್ಟ ಮಹಿಳೆಯ ಕೈಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಮಧ್ಯಪ್ರದೇಶ ಹೈಕೋರ್ಟಿನ ಜಾಮೀನು ಷರತ್ತನ್ನು 2021ರಲ್ಲಿ ರದ್ದು ಮಾಡಿದೆ. ರಾಜಿ ಮಾಡಿಸುವವರು ಯಾರೇ ಆಗಲಿ, ಎಷ್ಟೇ ವರ್ಷದ ಸೇವೆ ಇರಲಿ, ಅವರನ್ನು ಈ ಕೆಲಸದಿಂದ ಬಿಡಿಸಬೇಕು.

ಮಕ್ಕಳ ವಿಷಯದಲ್ಲಿ ಒಂದು ದಾರಿ ಆಗಲೇ ಇದೆ. ಪೋಕ್ಸೊ ನಿಯಮಗಳು ಮಗುವಿಗೆ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡುತ್ತವೆ. ತನಿಖೆಯಿಂದ ವಿಚಾರಣೆ ಮುಗಿಯುವವರೆಗೆ ಆ ವ್ಯಕ್ತಿ ಜೊತೆಗಿರಬೇಕು, ಮುಂದಿನ ಹಂತ ಏನೆಂದು ತಿಳಿಸಬೇಕು. ಈ ವ್ಯವಸ್ಥೆಯನ್ನು ಬಲಪಡಿಸಿ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಆದೇಶಿಸಿತು. ಹದಿನೆಂಟು ತುಂಬಿದ ಮರುದಿನ ಈ ಹಕ್ಕು ಇಲ್ಲ. ಹತ್ತೊಂಬತ್ತರ ಕಾಲೇಜು ಹುಡುಗಿಗೆ, ಐವತ್ತರ ಕೂಲಿ ಹೆಂಗಸಿಗೆ ಕೋರ್ಟಿನ ಕಾರಿಡಾರಿನಲ್ಲಿ ಆರೋಪಿಯ ಕಡೆಯವರ ದೃಷ್ಟಿ ಎದುರಿಸಲು ಜೊತೆಗಾರರು ಬೇಡವೇ? ಅತ್ಯಾಚಾರಕ್ಕೊಳಗಾದವರಿಗೆ 4ರಿಂದ 7 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಬಹುದಾದ, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) 2018ರ ಯೋಜನೆ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು ಎಂದು ಅವಳಿಗೆ ಹೇಳುವವರು ಯಾರು?

ಇಂಥ ಜೊತೆಗಾರರು ಸಾಕ್ಷಿಗೆ ಹೇಳಿಕೊಡುತ್ತಾರೆ ಎಂದು ಆರೋಪಿ ಪರ ವಕೀಲರು ಆಕ್ಷೇಪಿಸುತ್ತಾರೆ. ಆ ಭಯಕ್ಕೆ ಉತ್ತರವಿದೆ: ಬೆಂಬಲ ವ್ಯಕ್ತಿ ಘಟನೆಯ ವಿವರ ಕೆದಕಬಾರದು, ಹೇಳಿಕೆ ತಿದ್ದಬಾರದು ಎಂದು ನಿಯಮದಲ್ಲೇ ಬರೆಯಿರಿ. ನಮ್ಮ ಸಂಸ್ಕೃತಿಯಲ್ಲಿ ಮನೆಯೇ ಆಸರೆ, ಹೊರಗಿನವರು ಯಾಕೆ ಎನ್ನುವವರಿಗೆ ಮೇಲಿನ ಹತ್ತಕ್ಕೆ ಒಂಬತ್ತರ ಲೆಕ್ಕವೇ ಉತ್ತರ. ಎಷ್ಟೋ ಸಲ ಅವಳು ತನ್ನನ್ನು ಕಾಪಾಡಿಕೊಳ್ಳಬೇಕಾದದ್ದು ಆ ಮನೆಯಿಂದಲೇ.

ನನ್ನ ಬೇಡಿಕೆ ಇಷ್ಟೇ. ಮುಂದಿನ ರಾಜ್ಯ ಬಜೆಟ್‌ನಲ್ಲಿ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಒಬ್ಬ ಕಾಯಂ ಆಪ್ತ ಸಮಾಲೋಚಕಿಯ ಹುದ್ದೆ ಮಂಜೂರಾಗಲಿ, ನರ್ಸಿನ ಹುದ್ದೆಯ ಹಾಗೆ, ಸಂಬಳ ಪಿಂಚಣಿ ಸಮೇತ. ವಯಸ್ಕ ಹೆಣ್ಣು ಬಯಸಿದರೆ ಅದೇ ಸಮಾಲೋಚಕಿ ಅವಳ ಜೊತೆ ಸ್ಟೇಷನ್ನಿಗೂ ಕೋರ್ಟಿಗೂ ಹೋಗುವ ಅಧಿಕಾರ ನಿಯಮದಲ್ಲಿ ಬರಲಿ. ಕೂರಲು ಒಂದು ಕೋಣೆ ಕೊಡಿ. ಅದರ ಬಾಗಿಲ ಮೇಲೆ ದೌರ್ಜನ್ಯ, ಸಂತ್ರಸ್ತೆ ಎಂದು ದಪ್ಪಕ್ಷರದ ಬೋರ್ಡು ಬೇಡ, ಒಳಗೆ ಹೋದವಳನ್ನು ಹೊರಗೆ ಕೂತವರು ಗುರುತು ಹಿಡಿಯುತ್ತಾರೆ. ಬಾಣಂತಿಯರೂ ಬಿ.ಪಿ. ತೋರಿಸಲು ಬಂದ ಅಜ್ಜಿಯರೂ ಕೂರುವ ಸಾಲಿನಲ್ಲೇ ಅವಳೂ ಕೂತು, ಸರದಿ ಬಂದಾಗ ಎದ್ದು ಒಳಗೆ ಹೋಗುವಂತಿರಲಿ.