ಮೂರು ಲಕ್ಷದ ಗೆರೆ

ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ 2015ರಲ್ಲಿ ಶುರುವಾದಾಗ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬ ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಸೇರಿತು. 2024ರಲ್ಲಿ ಯೋಜನೆಯ ಎರಡನೇ ಹಂತ ಬಂತು; ಗೆರೆ ಮಾತ್ರ ಅದೇ 3 ಲಕ್ಷ. ಈ ನಡುವೆ ಬಾಡಿಗೆ, ಸಿಮೆಂಟು, ಗಾರೆ ಕೂಲಿ ಎಲ್ಲ ಏರಿವೆ. ಮಿತಿ ನಿಂತಲ್ಲೇ ನಿಂತರೆ ವರ್ಷ ವರ್ಷವೂ ಒಂದಷ್ಟು ಬಡವರು ಸದ್ದಿಲ್ಲದೆ ಪಟ್ಟಿಯಿಂದ ಆಚೆ ಬೀಳುತ್ತಾರೆ.

ತಿಂಗಳಿಗೆ ಲೆಕ್ಕ ಹಾಕಿದರೆ ಇದು 25 ಸಾವಿರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸೆಕ್ಯೂರಿಟಿ ಕೆಲಸದ ಗಂಡ, ಗಾರ್ಮೆಂಟ್ಸ್‌ಗೆ ಹೋಗುವ ಹೆಂಡತಿ ತಲಾ 13 ಸಾವಿರ ತರುತ್ತಾರೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 3 ಲಕ್ಷದ 12 ಸಾವಿರ. ಮನೆ ಕಟ್ಟಿಕೊಳ್ಳಲು ಸಿಗುವ ನೇರ ಸಹಾಯಧನ ಕೈತಪ್ಪಿತು; ಉಳಿದದ್ದು ಗೃಹಸಾಲದ ಬಡ್ಡಿ ಸಬ್ಸಿಡಿ. ಹೆಂಡತಿ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರೆ ಆ ಕುಟುಂಬ ಅರ್ಹ! ಹೆಣ್ಣಿನ ದುಡಿಮೆಗೇ ದಂಡ ಹಾಕುವ ಲೆಕ್ಕ ನ್ಯಾಯವಲ್ಲ.

ಯೋಜನೆಯ ಪ್ರಕಾರ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅದೇ ಸಂಬಳದಲ್ಲಿ ಔಷಧಿ ಕೊಳ್ಳುವ ಮುದಿ ಅತ್ತೆ, ತವರಿಗೆ ಮರಳಿದ ನಾದಿನಿ ಲೆಕ್ಕಕ್ಕಿಲ್ಲ. ಇಬ್ಬರ ಮನೆಗೂ ಏಳು ಜನರ ಮನೆಗೂ ಗೆರೆ ಒಂದೇ.

ಇನ್ನು ಸಂಬಳದ ಚೀಟಿಯೇ ಇಲ್ಲದವರ ಪಾಡು. ಮನೆಯಲ್ಲಿ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುವ ಹೆಂಗಸಿಗೆ ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಮಳೆಗಾಲದಲ್ಲಿ ಕಡ್ಡಿ ಒಣಗದಿದ್ದರೆ ಆ ವಾರ ಕೈ ಖಾಲಿ. ಆಕೆಯ ವಾರ್ಷಿಕ ಆದಾಯ ಅಂದಾಜಿನ ಮಾತು. ಆ ಅಂದಾಜೇ ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಅಂಕಿಯಾಗುತ್ತದೆ. ಬಿಪಿಎಲ್ ಕಾರ್ಡಿನ ಮಿತಿ 1.20 ಲಕ್ಷವಾದ್ದರಿಂದ ಅಂಕಿ ಅದಕ್ಕಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಪಡಿತರ ಹೋಯಿತು. ಆದರೆ ಮನೆಯ ಪೂರ್ತಿ ಖರ್ಚು ಸಹಾಯಧನದಲ್ಲಿ ಮುಗಿಯುವುದಿಲ್ಲ. ಉಳಿದ ಹಣಕ್ಕೆ ಬ್ಯಾಂಕಿಗೆ ಹೋದರೆ ಮ್ಯಾನೇಜರ್ ನೋಡುವುದೂ ಅದೇ ಪತ್ರವನ್ನು: ತಿಂಗಳಿಗೆ 10 ಸಾವಿರ ಬರುವವರು ಕಂತು ಹೇಗೆ ಕಟ್ಟುತ್ತಾರೆ? ಸರ್ಕಾರಕ್ಕೆ ಬಡವಳಾಗಿ, ಬ್ಯಾಂಕಿಗೆ ಉಳ್ಳವಳಾಗಿ ಒಟ್ಟೊಟ್ಟಿಗೆ ಕಾಣಿಸಬೇಕಾದ ಇಕ್ಕಟ್ಟು ಇದು. ಸುಳ್ಳು ಹೇಳಿದರೆಂದು ಇಂಥವರನ್ನು ದೂರುವುದು ಸುಲಭ. ಸುಳ್ಳು ಹೇಳದೆ ಬದುಕಲಾಗದಂತೆ ನಿಯಮ ಕಟ್ಟಿದವರನ್ನೂ ಕೇಳಬೇಡವೇ?

ಮಿತಿಯೇ ಬೇಡವೆಂದು ನನ್ನ ವಾದವಲ್ಲ. ಗೆರೆ ಇಲ್ಲದಿದ್ದರೆ ಪ್ರಭಾವ ಇರುವವರೇ ಮೊದಲು ಒಳಗೆ ನುಗ್ಗುತ್ತಾರೆ. ಆದರೆ ಗೆರೆಗೆ ಊರಿನ ಬೆಲೆಯೂ ಮನೆಯ ತಲೆಗಳೂ ಗೊತ್ತಿರಬೇಕು. ಅಮೆರಿಕದಲ್ಲಿ ಆಯಾ ಪ್ರದೇಶದ ನಡುಮಟ್ಟದ ಆದಾಯಕ್ಕೆ ಹೋಲಿಸಿ, ಕುಟುಂಬದ ಗಾತ್ರ ನೋಡಿ, ಪ್ರತಿವರ್ಷ ಮಿತಿಯನ್ನು ಪರಿಷ್ಕರಿಸುತ್ತಾರೆ. ಅಷ್ಟು ದೂರ ಯಾಕೆ, 2023ರಲ್ಲಿ ಮುಂಬೈ ಮಹಾನಗರ ಪ್ರದೇಶಕ್ಕೆ ಇದೇ ಮಿತಿಯನ್ನು 6 ಲಕ್ಷಕ್ಕೆ ಏರಿಸಲಾಯಿತು. ಮೈಸೂರು ಮುಂಬೈಯಷ್ಟು ದುಬಾರಿಯಲ್ಲ, ನಿಜ. 6 ಲಕ್ಷ ಬೇಕಿಲ್ಲ. ಇಲ್ಲಿನ ಬಾಡಿಗೆ ಲೆಕ್ಕ ಹಾಕಿ ಹೊಸ ಮಿತಿ ಕೇಳುವ ಕೆಲಸ ಕರ್ನಾಟಕ ಸರ್ಕಾರದ್ದು. ಜೊತೆಗೆ, ಒಂದೇ ಮನೆಯಲ್ಲಿ ಎರಡನೆಯವರ ದುಡಿಮೆಯ ಒಂದು ಪಾಲನ್ನಾದರೂ ಲೆಕ್ಕದಿಂದ ಬಿಡಬೇಕು, ಸಾಕುವ ಹಿರಿಯರನ್ನು ಎಣಿಕೆಗೆ ಸೇರಿಸಬೇಕು, ಗೆರೆ ದಾಟಿದ 12 ಸಾವಿರಕ್ಕಾಗಿ ಇಡೀ ಸಹಾಯಧನ ಕಿತ್ತುಕೊಳ್ಳದೆ ಹಂತಹಂತವಾಗಿ ಇಳಿಸಬೇಕು.