ಮರೆವು ಮುಪ್ಪಿನದೋ, ಮಧುಮೇಹದ್ದೋ?



ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ ದಢೇಸುಗೂರಿಗೂ ನಮಗೂ ಮೂವತ್ತು ವರುಷಗಳ ನಂಟು. ಪ್ರವಚನದ ನಿಮಿತ್ತ ಆ ಕಡೆ ಹೋದಾಗಲೆಲ್ಲ ನಾವು ಇಳಿದುಕೊಳ್ಳುತ್ತಿದ್ದುದು ಒಬ್ಬ ಹಿರಿಯ ರೈತರ ಮನೆಯಲ್ಲಿ. ಯಾವ ವರುಷ ಕಾಲುವೆಗೆ ಯಾವಾಗ ನೀರು ಬಂತು, ಯಾವ ಹೊಲದಲ್ಲಿ ಎಷ್ಟು ಚೀಲ ಭತ್ತವಾಯಿತು, ಯಾರ ಬಾಕಿ ಎಷ್ಟು ಉಳಿಯಿತು ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿಯೇ ಇರುತ್ತಿತ್ತು. ಪ್ರವಚನದಲ್ಲಿ ನಾವು ಕಥೆಯ ಎಳೆಯೊಂದನ್ನು ಬಿಟ್ಟರೆ ಮರುದಿನ ಮುಂಜಾನೆ ಅದನ್ನು ನೆನಪಿಸುತ್ತಿದ್ದವರೂ ಅವರೇ.

ಕಳೆದ ಚಳಿಗಾಲದಲ್ಲಿ ಹೋದಾಗ ಅವರು ಇಷ್ಟಲಿಂಗ ಪೂಜೆ ಮುಗಿಸಿ ನಮ್ಮೊಡನೆ ಪ್ರಸಾದ ಸ್ವೀಕರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ “ಇನ್ನೂ ಪೂಜಿ ಆಗಿಲ್ಲ” ಎಂದು ಮತ್ತೆ ಮಡಿಯುಟ್ಟು ಕುಳಿತರು. ಸೊಸೆ ನೊಂದು ನುಡಿದಳು: “ಮಾವಾರಿಗೆ ಅರಳು ಮರಳು ಆಗ್ಯದ್ರಿ ಶಾಸ್ತ್ರಿಗಳೆ, ವಯಸ್ಸಾತಲ್ರಿ.” ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮಗೂ ಕಂಠಪಾಠವೇ. ನಾವೂ ತಲೆದೂಗಿ ಸುಮ್ಮನಾದೆವು. ಹಾಗೆ ಸುಮ್ಮನಾದುದರ ಬೆಲೆ ಶಿವರಾತ್ರಿಯ ಮರುದಿನ ತಿಳಿಯಿತು.

ಆ ಹಿರಿಯರಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರುಷ. ಶಿವರಾತ್ರಿಯಂದು ನಿರಾಹಾರ ಉಪವಾಸ ಅವರ ನೇಮ. ಮುಂಜಾನೆ ಸಕ್ಕರೆಯ ಗುಳಿಗೆ ನುಂಗಿದ್ದರು. ನುಂಗಿದ್ದು ಮರೆತು ಸಂಜೆ ಮತ್ತೊಂದು ನುಂಗಿದರು. ಬೆಳಗಿನ ಜಾವಕ್ಕೆ ಮೈಯೆಲ್ಲ ಬೆವರು, ಕೈ ನಡುಕ, ತೊದಲು ಮಾತು. ಮೊಮ್ಮಗನ ಗುರುತೂ ಹತ್ತಲಿಲ್ಲ. ಮನೆಯವರು ಜಾಗರಣೆಯ ದಣಿವೆಂದು ತಿಳಿದು ಮಲಗಿಸಲು ಹೊರಟಿದ್ದರು. ನೆರೆಮನೆಯ ಆಶಾ ಕಾರ್ಯಕರ್ತೆ ಬಂದು, ನುಂಗುವಷ್ಟು ಎಚ್ಚರ ಇದೆಯೆಂದು ಖಾತ್ರಿ ಮಾಡಿಕೊಂಡು ಸಕ್ಕರೆ ನೀರು ಕುಡಿಸಿದಳು. ಕಾಲು ಗಂಟೆಯಲ್ಲಿ ಅವರಿಗೆ ಗುರುತು ಮರಳಿತು. ಆಮೇಲೆ ಸಿಂಧನೂರಿನ ಆಸ್ಪತ್ರೆಗೆ ಒಯ್ದರು. ಅವರ ಕಠಿಣ ಉಪವಾಸವನ್ನು ಪ್ರತಿ ವರುಷ ಸಭೆಯಲ್ಲಿ ಹೊಗಳುತ್ತಿದ್ದವರು ನಾವು. ಸುದ್ದಿ ತಿಳಿದ ದಿನ ನಮಗೆ ಊಟ ಸೇರಲಿಲ್ಲ.

ಅವರನ್ನು ನೋಡಲು ಹೋದಾಗ ವೈದ್ಯರು ನಮ್ಮನ್ನೂ ಕೂರಿಸಿಕೊಂಡು ತಿಳಿಯಹೇಳಿದರು. ಮಧುಮೇಹವು ಕಣ್ಣು, ಮೂತ್ರಪಿಂಡ, ಪಾದಗಳನ್ನು ಕೆಡಿಸುತ್ತದೆಂಬುದನ್ನು ಬಹಳ ಜನ ಬಲ್ಲರು. ಮೆದುಳನ್ನೂ ಬಿಡದೆಂಬುದನ್ನು ಬಲ್ಲವರು ಕಡಿಮೆ. ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ 2ರಷ್ಟು ಮಾತ್ರ. ದೇಹ ಬಳಸುವ ಶಕ್ತಿಯಲ್ಲಿ ಅದರ ಪಾಲು ಸುಮಾರು 20ರಷ್ಟು. ಈ ಆಹಾರವೆಲ್ಲ ಕೂದಲೆಳೆಗಿಂತ ತೆಳುವಾದ ರಕ್ತನಾಳಗಳ ಮೂಲಕವೇ ಮುಟ್ಟಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಪಕಾಲುವೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆಯ ಭಾಗದ ಹೊಲವಲ್ಲವೆ? ವರುಷಗಟ್ಟಲೆ ಏರಿದ ಸಕ್ಕರೆ ಸಣ್ಣ ನಾಳಗಳ ಗೋಡೆಯನ್ನು ದಪ್ಪಗೊಳಿಸಿ ಪೆಡಸು ಮಾಡುತ್ತದೆ. ರಕ್ತದೊತ್ತಡವೂ ತಂಬಾಕೂ ಜೊತೆಗೂಡಿದರೆ ಹಾನಿ ಇಮ್ಮಡಿಸುತ್ತದೆ. ಮೆದುಳಿನೊಳಗೆ ಅಲ್ಲಲ್ಲಿ ರಕ್ತ ಮುಟ್ಟದೆ ಚಿಕ್ಕ ಚಿಕ್ಕ ಭಾಗಗಳು ಸತ್ತುಹೋಗುತ್ತವೆ. ಹೊರಗಿನವರಿಗೆ ಅದು ಕಾಣುವುದೇ ಇಲ್ಲ. ಮೊದಲು ಯೋಚನೆಯ ವೇಗ ತಗ್ಗುತ್ತದೆ, ಲೆಕ್ಕ ತಪ್ಪುತ್ತದೆ, ಎರಡು ಕೆಲಸಗಳನ್ನು ಒಟ್ಟಿಗೆ ನಿಭಾಯಿಸಲಾಗುವುದಿಲ್ಲ, ಬರಬರುತ್ತ ನೆನಪೂ ಕುಗ್ಗುತ್ತದೆ.

ಮಧುಮೇಹಿಗಳೆಲ್ಲರಿಗೂ ಹೀಗಾಗುತ್ತದೆಂದು ಯಾರೂ ಅಂಜಬೇಕಿಲ್ಲ. ಆದರೆ ಬುದ್ಧಿಮಾಂದ್ಯದ, ಎಂದರೆ ಡಿಮೆನ್ಷಿಯಾದ, ಅಪಾಯ ಮಧುಮೇಹಿಗಳಲ್ಲಿ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಕಾಯಿಲೆ ಎಷ್ಟು ಚಿಕ್ಕ ವಯಸ್ಸಿನಲ್ಲಿ ಬಂದೀತೋ ಅಪಾಯ ಅಷ್ಟು ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟಿಸಿತು. ನಮ್ಮ ನಾಡಿನಲ್ಲಿಯೂ ಹಳ್ಳಿಗರ ಮೆದುಳಿನ ಬಗೆಗೆ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಲ್ಲಿ ಅಧ್ಯಯನವೊಂದನ್ನು ಕೈಗೊಂಡಿತು. 45 ವರುಷ ದಾಟಿದ 10,000 ಗ್ರಾಮೀಣ ಜನರನ್ನು ವರುಷ ವರುಷವೂ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಬುದ್ಧಿಮಾಂದ್ಯಕ್ಕೆ ಕಾರಣವಾಗುವ, ಆದರೆ ನಾವು ತಿದ್ದಿಕೊಳ್ಳಬಹುದಾದ, 14 ಅಂಶಗಳನ್ನು ಹೆಸರಿಸಿತು. ಮಧುಮೇಹವು ಅವುಗಳಲ್ಲಿ ಒಂದು. ತಿದ್ದಿಕೊಳ್ಳಬಹುದು ಎಂಬ ಮಾತೇ ನಮಗೆ ಧೈರ್ಯ ಕೊಡತಕ್ಕದ್ದು.

ವೈದ್ಯರು ಒತ್ತಿ ಹೇಳಿದ ಇನ್ನೊಂದು ಸಂಗತಿ ಉಂಟು. ಏರಿದ ಸಕ್ಕರೆ ವರುಷಗಳಲ್ಲಿ ಮಾಡುವ ಕೇಡನ್ನು ಇಳಿದ ಸಕ್ಕರೆ ಗಳಿಗೆಗಳಲ್ಲಿ ಮಾಡೀತು. ಮೆದುಳಿಗೆ ಸಕ್ಕರೆಯ ದಾಸ್ತಾನು ಇಲ್ಲ. ಪದೇ ಪದೇ ಸಕ್ಕರೆ ತೀರ ಇಳಿದ ವೃದ್ಧರಲ್ಲಿ ಮುಂದೆ ಮರೆವು ಹೆಚ್ಚುತ್ತದೆ. ಮರೆವು ಹೆಚ್ಚಿದವರು ಗುಳಿಗೆ ತಪ್ಪಿ ನುಂಗುತ್ತಾರೆ. ಸಕ್ಕರೆ ಮತ್ತೆ ಇಳಿಯುತ್ತದೆ. ಗಾಣದ ಎತ್ತಿನಂತೆ ಈ ಸುತ್ತು ತಿರುಗುತ್ತಲೇ ಇರುತ್ತದೆ. ಅದನ್ನು ಕಡಿಯುವ ಶಕ್ತಿ ರೋಗಿಗಿಲ್ಲ, ಮನೆಯವರಿಗಿದೆ.

ಆದಕಾರಣ ಮರೆವು ಕಂಡೊಡನೆ ಗಾದೆ ಹೇಳಿ ಸುಮ್ಮನಾಗದೆ ವೈದ್ಯರಿಗೆ ತಿಳಿಸಬೇಕು. ಗುಣವಾಗುವ ಕಾರಣಗಳೂ ಇರುತ್ತವೆ. ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ನುಂಗಿದವರಲ್ಲಿ ಬಿ 12 ಜೀವಸತ್ವ ಕಡಿಮೆಯಾಗುವುದುಂಟು. ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಅದರ ಸಂಭವ ಇನ್ನೂ ಹೆಚ್ಚು. ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ, ಔಷಧದಿಂದ ತುಂಬಿಕೊಳ್ಳುತ್ತದೆ. ಥೈರಾಯ್ಡ್ ದೋಷ, ಮನೋಖಿನ್ನತೆ, ಕಿವಿ ಮಂದವಾಗಿರುವುದು ಸಹ ಮರೆವಿನಂತೆಯೇ ತೋರಬಹುದು. ವಯಸ್ಸಾದವರ ಸಕ್ಕರೆ ಎಷ್ಟಿರಬೇಕೆಂಬುದು ತರುಣರ ಅಳತೆಯಂತಲ್ಲ. ಅದನ್ನು ವೈದ್ಯರೇ ಗೊತ್ತುಮಾಡಲಿ.

ಗುಳಿಗೆಯ ಡಬ್ಬಿ ಮನೆಯ ಒಬ್ಬರ ಕೈಯಲ್ಲಿರಲಿ. ಕೊಟ್ಟೊಡನೆ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಲಿ. ಬೆವರು, ನಡುಕ, ತೊದಲು ಕಂಡರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಚೇತರಿಸಿಕೊಂಡವರನ್ನೂ ತೋರಿಸಿ ಬರಬೇಕು, ಏಕೆಂದರೆ ಕೆಲವು ಗುಳಿಗೆಗಳ ಪ್ರಭಾವದಿಂದ ಸಕ್ಕರೆ ಮತ್ತೆ ಇಳಿಯುತ್ತದೆ. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಶಿವರಾತ್ರಿಯಾಗಲಿ, ಶ್ರಾವಣ ಸೋಮವಾರವಾಗಲಿ, ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಕಾಯಕಕ್ಕೆ ಕಾಯವೇ ಆಧಾರ. ಕಾಯವನ್ನು ಕೆಡಿಸಿಕೊಂಡು ಮಾಡುವ ನೇಮವನ್ನು ನಾವು ಇನ್ನು ಮುಂದೆ ಯಾವ ಸಭೆಯಲ್ಲಿಯೂ ಹೊಗಳುವುದಿಲ್ಲ.

ಆ ಹಿರಿಯರ ಗುಳಿಗೆಯ ಹೊಣೆಯನ್ನು ಈಗ ಮೊಮ್ಮಗ ಹೊತ್ತಿದ್ದಾನೆ. ಕಳೆದ ನೆನಪು ಪೂರ್ತಿ ಮರಳಿಲ್ಲ, ಮರಳಲಾರದು ಎಂದು ವೈದ್ಯರೂ ಹೇಳಿದ್ದಾರೆ. ಆದರೆ ಶಿವರಾತ್ರಿಯ ಮುಂಜಾವಿನಂಥ ಗಂಡಾಂತರ ಮತ್ತೆ ಬಂದಿಲ್ಲ. ಮೊನ್ನೆ ಹೋದಾಗ ಅವರು ಎರಡನೆಯ ಸಲ ಪೂಜೆಗೆ ಏಳಹೋದರು. ಹುಡುಗ ನಗದೆ, ಗದರಿಸದೆ ಕೈಹಿಡಿದು, “ಪೂಜಿ ಆಗ್ಯದ ತಾತಾ, ನಾನೂ ಕುಂತಿದ್ದೆ” ಎಂದ. ಅವರು ಮರುಮಾತಾಡದೆ ಕುಳಿತುಕೊಂಡರು. ನಿಮ್ಮ ಮನೆಯಲ್ಲಿಯೂ ಅಂಥ ಹಿರಿಯರಿದ್ದರೆ, ಅವರ ಗುಳಿಗೆಯ ಲೆಕ್ಕ ಯಾರ ಕೈಯಲ್ಲಿದೆ ಎಂಬುದನ್ನು ಇಂದೇ ವಿಚಾರಿಸಿಕೊಳ್ಳಿರಿ.