ಸೋತವನೂ ಮೇಲೇರುವ ಕಾಳಗ

ವೇಷ ಧರಿಸಿ ಅನ್ಯನೊಬ್ಬನಾಗಿ ನಡೆಯುವುದೂ ನುಡಿಯುವುದೂ ತುಮಕೂರು ಸೀಮೆಗೆ ಹೊಸ ವಿದ್ಯೆಯಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಊರ ದೈವವಾದ ಚನ್ನಬಸವೇಶ್ವರನ ಹೆಸರನ್ನು ಹೊತ್ತು ಬೆಳೆದು, ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ನಾಟಕ ಮಂಡಲಿಯ ತವರು ಇದು. ಆದಕಾರಣ, ಇಂದಿನ ಎಳೆಯರು ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ತಮ್ಮಲ್ಲೊಬ್ಬನನ್ನು ಸೂತ್ರಧಾರನನ್ನಾಗಿ ಮಾಡಿಕೊಂಡು, ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಸಂನ್ಯಾಸಿ ಎಂದು ಪಾತ್ರಗಳನ್ನು ಹಂಚಿಕೊಂಡು, ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಬಿದ್ದ ಗರಕ್ಕೆ ತಕ್ಕಂತೆ ಕಥೆಯನ್ನು ಮುಂದಕ್ಕೆ ಒಯ್ಯುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಕಂಡು, ಇದು ಪರದೇಶದ ಗೀಳೆಂದು ಮೂಗು ಮುರಿಯುವ ಹಿರಿಯರ ಪಕ್ಷವನ್ನು ನಾನು ವಹಿಸಲಾರೆ. ಬರೆದಿಟ್ಟ ಮಾತಿಲ್ಲದೆ, ಸಂದರ್ಭ ಒದಗಿದಂತೆ ಮಾತನ್ನು ತಾನೇ ಹುಟ್ಟಿಸಿಕೊಂಡು ಆಡಬೇಕಾದ ಈ ಆಟ, ತಾಳಮದ್ದಳೆಯ ಅರ್ಥಗಾರಿಕೆಗೆ ತಲೆದೂಗುವ ನಾಡಿಗೆ ಪರಕೀಯವಾಗಬೇಕಾದ ಕಾರಣವಿಲ್ಲ. ನಾನು ಹೇಳಬೇಕೆಂದಿರುವುದು ಅದರೊಳಗಿನ ಒಂದು ಪಾತ್ರವನ್ನು ಕುರಿತು: ಆ ಸಂನ್ಯಾಸಿಯನ್ನೂ, ಅವನು ಕಾದುವ ನಿಯಮಗಳನ್ನೂ ಕುರಿತು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕದ ಇಬ್ಬರು 1974ರಲ್ಲಿ ಈ ಆಟವನ್ನು ಪ್ರಕಟಿಸಿದರು. ಮರುವರ್ಷದ ಅನುಬಂಧವೊಂದರಲ್ಲಿ ಸಂನ್ಯಾಸಿ ಕಾಣಿಸಿಕೊಂಡನು. ಕುಂಗ್ ಫೂ ಚಲನಚಿತ್ರಗಳು ಆ ದೇಶದಲ್ಲಿ ಮನೆಮಾತಾಗಿದ್ದ ಕಾಲವದು. ಹೀಗಾಗಿ ಈ ಸಂನ್ಯಾಸಿಯ ಜಪತಪಗಳು ಹಿಂದೆ ಸರಿದು, ಅವನ ಮುಷ್ಟಿಯೇ ಮುಂದೆ ಬಂದಿತು. 2014ರ ಆವೃತ್ತಿಯ ನಿಯಮಗಳನ್ನು ನೋಡಿದರೆ, ಕವಚ ತೊಡದ ಅವನಿಗೆ ಹತ್ತರ ಜೊತೆ ಚುರುಕುತನದಿಂದಲೂ ವಿವೇಕದಿಂದಲೂ ಬರುವ ಹೆಚ್ಚಳಗಳು ಸೇರಿ ರಕ್ಷೆಯಾಗುತ್ತವೆ. ವಿವೇಕವೇ ಮೈಗಾವಲಾಗುವ ಈ ಕಲ್ಪನೆ ಬಹು ಸೊಗಸಾದದ್ದೆಂದು ನಾನು ತುಂಬು ಮನಸ್ಸಿನಿಂದ ಒಪ್ಪುತ್ತೇನೆ. ಅವನಿಗೆ ಪ್ರಾಣಶಕ್ತಿಯ ಅಂಕಗಳೂ ಉಂಟು; ಅವನ್ನು ವ್ಯಯಿಸಿ ಒಂದೇ ಉಸಿರಿಗೆ ಹೆಚ್ಚು ಹೊಡೆತಗಳನ್ನು ಹೊಡೆಯಬಲ್ಲನು, ಎದುರಾಳಿಯನ್ನು ನಿಂತಲ್ಲೇ ಸ್ತಂಭಿಸಬಲ್ಲನು; ವ್ಯಯವಾದದ್ದನ್ನು ವಿಶ್ರಾಂತಿಯ ವೇಳೆ ಅರ್ಧ ಗಂಟೆಯ ಧ್ಯಾನದಿಂದ ಮರಳಿ ಪಡೆಯಬಲ್ಲನು. 2024ರ ಪರಿಷ್ಕರಣದಲ್ಲಿ ಅವನ ಮುಷ್ಟಿಯ ದಾಳ ನಾಲ್ಕು ಮುಖದಿಂದ ಆರು ಮುಖಕ್ಕೆ ಏರಿತು. ಸಂನ್ಯಾಸಿ ದುರ್ಬಲನಾದನೆಂದು ಆಟಗಾರರು ಬಹುಕಾಲ ಮಾಡಿದ ವಾದಕ್ಕೆ ದೊರೆತ ಉತ್ತರವೆಂದರೆ, ಅವನು ಇನ್ನಷ್ಟು ಬಲವಾಗಿ ಹೊಡೆಯುವಂತೆ ಮಾಡಿದ್ದು.

ಆಯುಧ ಹಿಡಿದ ಸಂನ್ಯಾಸಿಗಳು ಚರಿತ್ರೆಯಲ್ಲೇ ಇದ್ದರಲ್ಲವೆ ಎಂದು ಕೇಳಬಹುದು. ಇದ್ದರು. ಅನೂಪಗಿರಿ ಗೋಸಾಯಿಯ ನಾಗಾ ಪಡೆ 1761ರ ಪಾಣಿಪತ್ತಿನ ಕದನದಲ್ಲಿ ನವಾಬ ಷುಜಾ ಉದ್ದೌಲನ ಪಕ್ಷದಲ್ಲಿತ್ತು. ಆದರೆ ಕೂಲಿಗೆ ಕಾದಿದ ಆ ಪಡೆಯನ್ನು ಆದರ್ಶವಾಗಿ ಇಟ್ಟುಕೊಳ್ಳಬೇಕಾದ ದಾರಿದ್ರ್ಯ ಕನ್ನಡಿಗನಿಗೆ ಇಲ್ಲ. ಸಂನ್ಯಾಸಿಗಳ ಕಾಳಗವೆಂಬ ವಸ್ತುವಿನ ಮೇಲೆ ಲೋಕದಲ್ಲಿ ಬರೆದಿರಬಹುದಾದ ಅತ್ಯಂತ ಸೂಕ್ಷ್ಮವಾದ ಪ್ರಸಂಗಗಳು, ತುಮಕೂರು ನಗರದಿಂದ ಕೆಲವೇ ಮೈಲಿಗಳಾಚೆಯ ಗೂಳೂರಿನವನು ಸಂಕಲಿಸಿದ ಗ್ರಂಥದಲ್ಲಿ ನಮಗಾಗಿ ಕಾದಿವೆ. ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗರ ಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣಾರ್ಯನು, ತನಗಿಂತ ಹಿಂದೆ ಮೂವರು ಕೈಯಾಡಿಸಿದ್ದ ‘ಶೂನ್ಯಸಂಪಾದನೆ’ಗೆ ನಾಲ್ಕನೆಯ ರೂಪವನ್ನು ಕೊಟ್ಟನು. ಅಲ್ಲಮಪ್ರಭು ಶರಣರನ್ನೂ ಯೋಗಿಗಳನ್ನೂ ಎದುರುಗೊಂಡು ನಡೆಸುವ ಸಂವಾದಗಳ ಮಾಲೆ ಅದು.

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮನು ಕೆಣಕಿದಾಗ, ಕೆಲಸದ ಒಡ್ಡರು ಸಿಟ್ಟಿನಿಂದ ಕಲ್ಲು ಬೀರಿದರು; ಒಂದೂ ಅವನಿಗೆ ತಾಗಲಿಲ್ಲ. 2014ರ ನಿಯಮದಂತೆ ಆಟದ ಸಂನ್ಯಾಸಿಗೂ, ಪಾತ್ರವು ಬೆಳೆಯುತ್ತ ಏರುವ ಮಟ್ಟಗಳಲ್ಲಿ ಮೂರನೆಯದರಲ್ಲಿ, ಇಂಥದೊಂದು ವಿದ್ಯೆ ಲಭಿಸುತ್ತದೆ: ಬರುವ ಬಾಣವನ್ನು ತಡೆಯಬಹುದು, ಪೆಟ್ಟು ಪೂರ್ತಿಯಾಗಿ ತಗ್ಗಿದರೆ ಅದನ್ನು ಕೈಯಲ್ಲಿ ಹಿಡಿಯಬಹುದು, ಪ್ರಾಣಶಕ್ತಿಯ ಒಂದಂಕ ತೆತ್ತು ಎಸೆದವನ ಮೇಲೇ ತಿರುಗಿ ಎಸೆಯಬಹುದು. ಅಲ್ಲಮನು ಕಲ್ಲನ್ನು ತಿರುಗಿ ಎಸೆಯಲಿಲ್ಲ. ಮುಂದೆ ಸಿದ್ಧರಾಮನೇ ಬಂದು ಉರಿಗಣ್ಣನ್ನು ತೆರೆದಾಗಲೂ ಅವನು ಉರಿಗೆ ಉರಿಯನ್ನು ಒಡ್ಡಲಿಲ್ಲ.

ಗೋರಕ್ಷನ ಪ್ರಸಂಗವಾದರೋ ಇನ್ನೂ ಗಹನವಾದದ್ದು. ಕಾಯಸಿದ್ಧಿಯಿಂದ ಮೈಯನ್ನು ವಜ್ರವಾಗಿಸಿಕೊಂಡಿದ್ದ ಆ ಯೋಗಿ, ಕತ್ತಿಯನ್ನು ಅಲ್ಲಮನ ಕೈಗಿತ್ತು ಹೊಡೆದು ನೋಡೆಂದನು. ಅಲ್ಲಮನು ಹೊಡೆದನು, ಕತ್ತಿ ಖಣಿಲೆಂದಿತು, ಮೈ ಹರಿಯಲಿಲ್ಲ. ಆಟದ ಗಣಿತಕ್ಕೆ ಇದು ಗೋರಕ್ಷನ ಸಂಪೂರ್ಣ ವಿಜಯ. ಅಲ್ಲಮನಿಗೋ ಆ ಸದ್ದೇ ಸೋಲಿನ ಗುರುತು. ಸದ್ದು ಮಾಡಬಲ್ಲ ಮೈ ಇನ್ನೂ ಮೈಯೇ ಅಲ್ಲವೆ? ಬಳಿಕ ಅದೇ ಕತ್ತಿಯನ್ನು ಗೋರಕ್ಷನು ಅಲ್ಲಮನ ಮೇಲೆ ಬೀಸಿದಾಗ, ಅದು ಬಯಲಲ್ಲಿ ಹಾದುಹೋದಂತೆ ಹಾದುಹೋಯಿತು. ಹದಿನೆಂಟನೆಯ ಮಟ್ಟಕ್ಕೇರಿದ ಆಟದ ಸಂನ್ಯಾಸಿ, 2014ರ ನಿಯಮದಂತೆ, ನಾಲ್ಕು ಅಂಕ ತೆತ್ತರೆ ಒಂದು ನಿಮಿಷ ಅದೃಶ್ಯನಾಗಿ ಬಹುಪಾಲು ಪೆಟ್ಟುಗಳನ್ನು ಅರ್ಧಕ್ಕೆ ಇಳಿಸಿಕೊಳ್ಳುತ್ತಾನೆ. ಅದನ್ನು ಬರೆದವರು ಬಯಲಿನ ಬಾಗಿಲ ತನಕ ಬಂದು ಅಲ್ಲಿಯೇ ನಿಂತರೆಂದು ನನಗೆ ತೋರುತ್ತದೆ. ತಾಗುವುದಕ್ಕೆ ಯಾರೂ ಇಲ್ಲದಿರುವ ಸ್ಥಿತಿಯನ್ನು ಅಂಕಗಳು ಮುಟ್ಟಲಾರವು ನಿಜ, ಆದರೆ ಆಟದ ಕಥೆ ಮುಟ್ಟಬಲ್ಲುದು.

ನನ್ನನ್ನು ಈ ಲೇಖನಕ್ಕೆ ಪ್ರೇರಿಸಿದ ನಿಯಮ ಮಾತ್ರ ಬೇರೊಂದು. 1978ರ ಕೈಪಿಡಿಯ ಪ್ರಕಾರ ಎಂಟನೆಯ ಮಟ್ಟದಿಂದ ಮೇಲೆ ಸಂನ್ಯಾಸಿಗಳ ಸ್ಥಾನಗಳು ಪರಿಮಿತವಾಗಿದ್ದವು. ಮೇಲೇರಬೇಕಾದವನು ಆ ಸ್ಥಾನದಲ್ಲಿ ಇದ್ದವನನ್ನು ಬರಿಗೈ ದ್ವಂದ್ವದಲ್ಲಿ ಸೋಲಿಸಬೇಕು. ಸೋತವನು ಒಂದು ಮಟ್ಟ ಕೆಳಗಿಳಿಯಬೇಕು. ತುತ್ತತುದಿಯ ಗುರುಪೀಠದಲ್ಲಿ ಒಬ್ಬನಿಗೇ ಎಡೆ. ಇದಕ್ಕೆ ಎದುರಾಗಿ ‘ಶೂನ್ಯಸಂಪಾದನೆ’ಯನ್ನು ಇರಿಸಿ ನೋಡಿರಿ. ಸೋತ ಸಿದ್ಧರಾಮನು ಕಲ್ಯಾಣಕ್ಕೆ ಬಂದು ಮಹಾಶರಣನಾದನು. ಸೋತ ಗೋರಕ್ಷನು ವಜ್ರಕಾಯದ ಭ್ರಮೆಯಿಂದ ಬಿಡುಗಡೆ ಹೊಂದಿದನು. ಅಲ್ಲಮನ ಎದುರು ಸೋತವರಾರೂ ಇದ್ದ ಮೆಟ್ಟಿಲಿನಿಂದ ಕೆಳಗಿಳಿಯಲಿಲ್ಲ, ಸೋಲಿನಿಂದಲೇ ಮೇಲೇರಿದರು. ಕಾಳಗದ ಇಂಥ ನಿಯಮವನ್ನು ನಾನು ಬೇರಾವ ಆಟದಲ್ಲಿಯೂ ಕಂಡಿಲ್ಲ. ಇದನ್ನು ಆಟದೊಳಕ್ಕೆ ತರಬಲ್ಲವರು ನಮ್ಮ ಮಕ್ಕಳೇ ಹೊರತು ಅಮೆರಿಕದ ಪ್ರಕಾಶಕರಲ್ಲ.

ಇದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ಮನೆಯ ನಿಯಮಗಳನ್ನು ಸೇರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಆ ಆಟವೇ ಕೊಟ್ಟಿದೆ. ಶರಣನ ಪಾತ್ರ ವಹಿಸಿದವನು ಎದುರಾಳಿಯನ್ನು ಪ್ರಶ್ನೆಯಿಂದ ಗೆದ್ದರೆ, ಇಬ್ಬರಿಗೂ ಒಂದೊಂದು ಮಟ್ಟ ಏರಲಿ. ವ್ಯಯವಾದ ಶಕ್ತಿ ಏಕಾಂತದ ಧ್ಯಾನಕ್ಕೆ ಬದಲಾಗಿ ಹಸಿದವರಿಗೆ ಉಣಬಡಿಸುವುದರಿಂದ ಮರಳಿ ಬರಲಿ. 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತು, ಊರೂರು ಅಲೆದು ಭಿಕ್ಷೆಯ ಧಾನ್ಯ ತಂದು, 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರಗಳನ್ನಿತ್ತ ಶಿವಕುಮಾರ ಸ್ವಾಮಿಗಳನ್ನು ಕಂಡ ಊರಿಗೆ ಈ ನಿಯಮದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಖಡ್ಗವೇ ಬೇಕೆನ್ನುವ ಹುಡುಗನು ವೀರಗಾಸೆಯವನ ಪಾತ್ರವನ್ನು ವಹಿಸಲಿ. ಆದರೆ ವೀರಭದ್ರನ ಒಡಪನ್ನು ಗಟ್ಟಿಯಾಗಿ ಹೇಳಿ ಮುಗಿಸುವ ತನಕ ಕತ್ತಿ ಬೀಸುವ ಹಕ್ಕು ಅವನಿಗೆ ಇರಬಾರದು. ಕರಡೆ ಸಂಬಾಳಗಳ ನಡುವೆ, ಹಣೆತುಂಬ ವಿಭೂತಿ ಧರಿಸಿ, ಎದೆಯುಬ್ಬಿಸಿ ಒಡಪು ಹೇಳುವವನನ್ನು ಜಾತ್ರೆಗಳಲ್ಲಿ ಹತ್ತಿರದಿಂದ ಕಂಡವರು, ಅಲ್ಲಿ ಮೊದಲು ಎರಗುವುದು ಮಾತೇ ಎಂಬುದನ್ನು ಬಲ್ಲರು.

ತುಮಕೂರು ವಿಶ್ವವಿದ್ಯಾನಿಲಯದ ಕನ್ನಡ ವಿದ್ಯಾರ್ಥಿಗಳು ಈ ಆಟವಾಡುವ ಎಳೆಯರೊಡನೆ ಕೂಡಿ ಇಂಥ ನಿಯಮಗಳ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸಬೇಕೆಂದು ನಾನು ಬಯಸುತ್ತೇನೆ. ಗೋರಕ್ಷನಿಂದ ತೊಡಗುವುದು ಬೇಡ. ಆ ಕತ್ತಿಯ ಆಕರ್ಷಣೆ ದೊಡ್ಡದು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದ ಮುಕ್ತಾಯಿಯೊಡನೆ ಅಲ್ಲಮನು ನಡೆಸಿದ ವಾದದಿಂದ ತೊಡಗಲಿ. ಅಲ್ಲಿ ಆಯುಧವಿಲ್ಲ, ಆಕೆ ಸುಲಭವಾಗಿ ಮಣಿಯುವವಳೂ ಅಲ್ಲ. ದಾಳ ಯಾವಾಗ ಉರುಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಸೂತ್ರಧಾರನು ಆ ಪ್ರಸಂಗದಲ್ಲೇ ಕಲಿಯಬಹುದು.